ಖಾಲಿ ಬಾಡಿಗೆ ಮನೆಯ ನೀರಿನ ಬಿಲ್: ಮೊದಲು ಮೀಟರ್ ನೋಡಿ, ಆಮೇಲೆ ಮೊಬೈಲ್ ತೆಗೀರಿ

"ಮನೇಲಿ ಯಾರೂ ಇರ್ಲಿಲ್ಲ ಸಾರ್, ನಲ್ಲಿ ತಿರುಗಿಸಿದವರೇ ಇಲ್ಲ. ಆದ್ರೂ ನೀರಿನ ಬಿಲ್ ಎರಡು ಸಾವಿರ ಬಂದಿದೆ." ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಕೇಳಿದಾಗೆಲ್ಲ ನಾನು ಒಂದೇ ಪ್ರಶ್ನೆ ವಾಪಸ್ ಕೇಳುತ್ತೇನೆ: ಮೀಟರ್ ನೋಡಿದ್ರಾ? ಉತ್ತರ ಹೆಚ್ಚುಕಮ್ಮಿ ಒಂದೇ. ಬಿಲ್ ಬಂತು, ಮೊಬೈಲಲ್ಲಿ ಕಟ್ಟಿದೆವು, ಮುಂದಿನ ತಿಂಗಳು ಇನ್ನೂ ಜಾಸ್ತಿ ಬಂತು, ಆಗ ಗಾಬರಿ ಆಯಿತು.

ಎಲ್ಲರೂ ಎಡವುವುದು ಇಲ್ಲೇ. ಬಿಲ್ ಕಟ್ಟುವುದು ಎರಡು ನಿಮಿಷದ ಕೆಲಸ. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಬಿಟ್ಟು ಹೋಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಇಲ್ಲಿ ಹೇಳಿರುವುದು ಬೆಂಗಳೂರು ಜಲಮಂಡಳಿಯ ಕಾವೇರಿ ಸಂಪರ್ಕ ಇರುವ ಮನೆಗಳಿಗೆ. ಬೇರೆ ಊರಿನಲ್ಲಿ ಬಿಲ್ ಕಳಿಸುವವರು ಬೇರೆ ಇರಬಹುದು. ಆದರೆ ಮೀಟರ್ ಇರುವ ಕಡೆ ಮೊದಲ ಎರಡು ಹಂತ ಎಲ್ಲ ಊರಿಗೂ ಒಂದೇ.

ಅಪಾರ್ಟ್‌ಮೆಂಟ್ ಫ್ಲ್ಯಾಟ್ ಇದ್ದವರಿಗೆ ಇದರಲ್ಲಿ ಕೆಲಸ ಕಡಿಮೆ. ಅಲ್ಲಿ ಸಾಮಾನ್ಯವಾಗಿ ಜಲಮಂಡಳಿಯ ಬಿಲ್ ಅಸೋಸಿಯೇಷನ್ ಹೆಸರಿಗೆ ಬರುತ್ತದೆ. ಖಾಲಿ ಇದ್ದರೂ ಮೇಂಟೆನೆನ್ಸ್ ಕಟ್ಟಿ, ಒಳಗಿನ ವಾಲ್ವ್ ಮುಚ್ಚಿದರೆ ಮುಗಿಯಿತು.

## ಕೈಯಲ್ಲಿ ಏನೇನು ಇರಬೇಕು

ಕೊನೆಯ ಎರಡು ಮೂರು ನೀರಿನ ಬಿಲ್. ಟಾರ್ಚ್ ಇರುವ ಮೊಬೈಲ್. ಮೀಟರ್ ಗುಂಡಿಯ ಮುಚ್ಚಳ ಎತ್ತಲು ಒಂದು ಗಟ್ಟಿ ಸ್ಕ್ರೂಡ್ರೈವರ್ ಅಥವಾ ಕಬ್ಬಿಣದ ಸಲಾಕೆ. ಗಾಜು ಒರೆಸಲು ಹಳೇ ಬಟ್ಟೆ. ಒಂದು ಸೀಮೆಸುಣ್ಣ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ, ಪಕ್ಕದ ಮನೆಯವರ ಫೋನ್ ನಂಬರ್. ನಿಮ್ಮ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಅಂತ ಅವರಿಗೇ ಗೊತ್ತಿರುವುದು.

## ಹಂತ 1: ಬೀಗದ ಕೈ ವಾಪಸ್ ಬಂದ ದಿನವೇ ರೀಡಿಂಗ್

ಬಾಡಿಗೆದಾರರು ಬೀಗದ ಕೈ ಕೊಡುವ ದಿನ ನಾವು ಗೋಡೆಯ ಮೊಳೆ ತೂತು ಎಣಿಸುತ್ತೇವೆ, ಅಡುಗೆಮನೆಯ ಟೈಲ್ಸ್ ನೋಡುತ್ತೇವೆ. ನೀರಿನ ಮೀಟರ್ ಕಡೆ ತಲೆ ಹಾಕುವುದಿಲ್ಲ.

ಗೇಟಿನ ಹತ್ತಿರ ಕಲ್ಲಿನ ಅಥವಾ ಕಬ್ಬಿಣದ ಮುಚ್ಚಳ ಇರುತ್ತದೆ. ಅದನ್ನು ಎತ್ತಿ, ಗಾಜು ಒರೆಸಿ. ಗುಂಡಿಯಲ್ಲಿ ಜಿರಲೆ, ಚೇಳು ಇರಬಹುದು, ಬರಿಗೈ ಹಾಕಬೇಡಿ. ಮೀಟರಿನಲ್ಲಿ ಕಪ್ಪು ಅಂಕಿಗಳ ಸಾಲು ಇದೆಯಲ್ಲ, ಅದು ಕಿಲೋಲೀಟರ್, ಅಂದರೆ ಸಾವಿರ ಲೀಟರಿನ ಲೆಕ್ಕ. ಕೆಂಪು ಅಂಕಿ ಅಥವಾ ಕೆಂಪು ಮುಳ್ಳು ತೋರಿಸುವುದು ಅದಕ್ಕಿಂತ ಸಣ್ಣ ಅಳತೆ. ಬಿಲ್ಲಿಗೆ ಬೇಕಾದದ್ದು ಕಪ್ಪು ಅಂಕಿ ಮಾತ್ರ. ಕೆಂಪನ್ನೂ ಸೇರಿಸಿ ಓದಿ, ಲಕ್ಷಗಟ್ಟಲೆ ಕಿಲೋಲೀಟರ್ ಆಗಿದೆ ಅಂತ ಹೌಹಾರಿದವರನ್ನು ನೋಡಿದ್ದೇನೆ.

ಎರಡು ಫೋಟೋ ತೆಗೆಯಿರಿ. ಒಂದರಲ್ಲಿ ಅಂಕಿ ಸ್ಪಷ್ಟವಾಗಿ ಕಾಣಬೇಕು, ಇನ್ನೊಂದರಲ್ಲಿ ಮೀಟರಿನ ಮೇಲೆ ಕೊರೆದ ನಂಬರ್ ಕಾಣಬೇಕು. ಮನೆ ಬಿಡುವವರ ಎದುರಿಗೇ ಅವರ ವಾಟ್ಸಾಪಿಗೆ ಕಳಿಸಿ. ಆಮೇಲೆ ಕಳಿಸಿದರೆ ಅದಕ್ಕೆ ಬೆಲೆ ಇಲ್ಲ.

ಈಗ ಲೆಕ್ಕ. ಕೊನೆಯ ಬಿಲ್ಲಿನಲ್ಲಿ ಇರುವ ಈಗಿನ ರೀಡಿಂಗ್ 1482, ಇವತ್ತು ಮೀಟರಿನಲ್ಲಿ 1497 ಅಂದುಕೊಳ್ಳಿ. ವ್ಯತ್ಯಾಸ 15 ಕಿಲೋಲೀಟರ್. ಈ 15ರ ಬಿಲ್ ಇನ್ನೂ ಬಂದಿಲ್ಲ. ಅದು ಬರುವ ಹೊತ್ತಿಗೆ ಬಾಡಿಗೆದಾರರು ಬೇರೆ ಏರಿಯಾದಲ್ಲಿ ಹಾಲು ಉಕ್ಕಿಸಿರುತ್ತಾರೆ. ಹಿಂದಿನ ತಿಂಗಳುಗಳಲ್ಲಿ ಸುಮಾರು ಇಷ್ಟೇ ನೀರು ಬಳಸಿದಾಗ ಎಷ್ಟು ಬಿಲ್ ಬಂದಿತ್ತು ಅಂತ ಹಳೇ ಬಿಲ್ಲಿನಲ್ಲಿ ನೋಡಿ, ಅಷ್ಟನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ. ನಿಜವಾದ ಬಿಲ್ ಬಂದ ಮೇಲೆ ಹೆಚ್ಚುಕಡಿಮೆ ಇದ್ದರೆ ಕೊಟ್ಟು ತೀರಿಸಿ. ಹಳೇ ಬಾಕಿ ಇದೆಯಾ ಅಂತಲೂ ಅವತ್ತೇ ನೋಡಬೇಕು. ನೀರಿನ ಬಾಕಿ ಸಂಪರ್ಕದ ಮೇಲೆ ಉಳಿಯುತ್ತದೆ, ಮನೆ ಬಿಟ್ಟು ಹೋದವರ ಹಿಂದೆ ಹೋಗುವುದಿಲ್ಲ. ಕೊನೆಗೆ ಕಟ್ಟುವವರು ಓನರ್.

ಮೂರು ಮನೆಗೆ ಒಂದೇ ಮೀಟರ್ ಇದ್ದರೆ? ತಲೆಗೆ ಇಷ್ಟು, ಮನೆಗೆ ಇಷ್ಟು ಅಂತ ವಸೂಲಿ ಮಾಡುವುದು ರೂಢಿ. ಒಂದು ಮನೆ ಖಾಲಿ ಆದಾಗ ಅದರ ಪಾಲನ್ನು ಉಳಿದ ಎರಡು ಮನೆಗೆ ಹಂಚುವ ಓನರ್‌ಗಳಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ನೀರು ಬಳಸಿದವರು ನೀರಿನ ದುಡ್ಡು ಕೊಡಲಿ, ಖಾಲಿ ಮನೆಯ ಪಾಲು ಓನರ್ ಲೆಕ್ಕಕ್ಕೇ ಬರಲಿ. ಜಗಳವೂ ಇರುವುದಿಲ್ಲ.

## ಹಂತ 2: ನೀರು ನಿಲ್ಲಿಸುವುದು, ಸೋರಿಕೆ ಹುಡುಕುವುದು

ದೊಡ್ಡ ಬಿಲ್ ಹುಟ್ಟುವುದು ಇಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ನಮ್ಮ ಮನೆಗಳಲ್ಲಿ ಕಾವೇರಿ ನೀರು ನೇರ ನಲ್ಲಿಗೆ ಬರುವುದು ಕಡಿಮೆ. ಮೀಟರ್ ದಾಟಿ ಸಂಪಿಗೆ ಬೀಳುತ್ತದೆ, ಸಂಪಿನಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಅಂದರೆ ನಲ್ಲಿ ಯಾರೂ ತಿರುಗಿಸದಿದ್ದರೂ, ಬೀದಿಗೆ ನೀರು ಬಿಟ್ಟಾಗೆಲ್ಲ ಅದು ಸಂಪಿಗೆ ಬರುತ್ತದೆ. ಸಂಪು ತುಂಬಿದ ಮೇಲೆ ಅದನ್ನು ನಿಲ್ಲಿಸುವುದು ಒಂದು ಪ್ಲಾಸ್ಟಿಕ್ ಚೆಂಡು, ಫ್ಲೋಟ್ ವಾಲ್ವ್. ಆ ಚೆಂಡಿಗೆ ತೂತು ಬಿದ್ದರೆ, ಕಡ್ಡಿ ಬಗ್ಗಿದರೆ, ವಾಷರ್ ಸವೆದರೆ ಕಥೆ ಮುಗಿಯಿತು.

ಇದು ನನಗೇ ಆದದ್ದು. ಮನೆ ನಾಲ್ಕು ತಿಂಗಳು ಖಾಲಿ ಇತ್ತು. ಎರಡನೇ ತಿಂಗಳ ಬಿಲ್ ಜಾಸ್ತಿ ಬಂದಾಗ, ಏನೋ ಹಳೇ ಬಾಕಿ ಇರಬೇಕು ಅಂತ ಕಟ್ಟಿಬಿಟ್ಟೆ. ಮೂರನೇ ತಿಂಗಳ ಬಿಲ್ ಅದರ ಎರಡರಷ್ಟು. ಒಂದು ದಿನ ಬೆಳಗ್ಗೆ ಎದುರುಮನೆ ಅಜ್ಜಿ ಫೋನ್ ಮಾಡಿದರು. "ಏನಪ್ಪಾ, ನಿಮ್ಮನೆ ಕಡೆಯಿಂದ ಮೋರಿಗೆ ನೀರು ಹರೀತಾನೇ ಇದೆ. ಒಳಗೆ ಯಾರಾದ್ರೂ ಇದಾರಾ?" ಹೋಗಿ ಸಂಪಿನ ಮುಚ್ಚಳ ಎತ್ತಿದೆ. ಒಳಗಿಂದ ಸುಯ್ ಅಂತ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಫ್ಲೋಟ್ ಚೆಂಡು ಅರ್ಧ ನೀರು ತುಂಬಿಕೊಂಡು ಮುಳುಗಿದೆ. ವಾಲ್ವ್ ಬಾಯಿ ತೆರೆದೇ ಇದೆ. ಸಂಪಿನ ಓವರ್‌ಫ್ಲೋ ಪೈಪು ನೇರವಾಗಿ ಮೋರಿಗೆ. ಅಂಗಳದಲ್ಲಿ ಒಂದು ಹನಿ ಕಾಣುವುದಿಲ್ಲ. ಚೆಂಡು ಬದಲಾಯಿಸಿದ್ದಕ್ಕಿಂತ ಮೋರಿಗೆ ಹೋದ ನೀರಿಗೆ ಎಷ್ಟೋ ಪಟ್ಟು ಜಾಸ್ತಿ ಕೊಟ್ಟೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 15 ಲೀಟರ್ ಬಂದರೆ, ಮೂರು ಗಂಟೆ ನೀರು ಬಿಟ್ಟ ದಿನ 2,700 ಲೀಟರ್. ದಿನ ಬಿಟ್ಟು ದಿನ ನೀರು ಬಂದರೆ ತಿಂಗಳಿಗೆ ಹದಿನೈದು ಸಲ. ಒಟ್ಟು 40,500 ಲೀಟರ್. ಖಾಲಿ ಮನೆಗೆ!

ಹಾಗಾಗಿ ಮಾಡಬೇಕಾದ್ದು ಇಷ್ಟು.

ಮೀಟರ್ ಆದ ಮೇಲಿನ ವಾಲ್ವ್ ಮುಚ್ಚಿ. ಮೀಟರಿಗೂ ಸಂಪಿಗೂ ನಡುವೆ ನಿಮ್ಮ ವಾಲ್ವ್ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ. ಇಲ್ಲದಿದ್ದರೆ ಪ್ಲಂಬರ್ ಕರೆಸಿ ಹಾಕಿಸಿ, ಹಿಡಿ ತಿರುಗಿಸಿದರೆ ಮುಚ್ಚುವಂಥದ್ದು ಒಳ್ಳೆಯದು. ಹಳೇ ಗೇಟ್ ವಾಲ್ವ್ ತುಕ್ಕು ಹಿಡಿದಿದ್ದರೆ ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿದ ಹಾಗೆ ನಾಟಕ ಮಾಡುತ್ತದೆ. ಮೀಟರಿಗಿಂತ ಮುಂಚಿನ ಪೈಪು, ವಾಲ್ವ್ ಮುಟ್ಟಬೇಡಿ. ಅದು ಜಲಮಂಡಳಿಯದು. ಮೀಟರಿನ ಸೀಲ್ ಅಂತೂ ಮುಟ್ಟಲೇಬಾರದು.

ನೀರು ಬಿಡುವ ದಿನವೇ ಮೀಟರ್ ಪರೀಕ್ಷೆ ಮಾಡಿ. ಬಹಳ ಜನ ತಪ್ಪುವುದು ಇಲ್ಲೇ. ಲೈನಿನಲ್ಲಿ ನೀರೇ ಇಲ್ಲದ ದಿನ ಹೋಗಿ, ಮೀಟರ್ ತಿರುಗುತ್ತಿಲ್ಲ, ಸೋರಿಕೆ ಇಲ್ಲ ಅಂತ ವಾಪಸ್ ಬರುತ್ತಾರೆ. ಪಕ್ಕದ ಮನೆಯವರನ್ನು ಕೇಳಿ, ನೀರು ಬರುವ ಹೊತ್ತಿಗೆ ಹೋಗಿ. ವಾಲ್ವ್ ಮುಚ್ಚಿರುವಾಗ ಮೀಟರಿನ ಸಣ್ಣ ಚಕ್ರ ಹತ್ತು ನಿಮಿಷ ಅಲುಗಾಡಬಾರದು. ಅಲುಗಾಡಿದರೆ ವಾಲ್ವ್ ಮುಚ್ಚಿಲ್ಲ, ಅಥವಾ ಮೀಟರಿಗೂ ವಾಲ್ವಿಗೂ ನಡುವಿನ ಪೈಪು ಸೋರುತ್ತಿದೆ.

ಆಮೇಲೆ ವಾಲ್ವ್ ತೆರೆದು ಸಂಪು ನೋಡಿ. ಸಂಪು ತುಂಬಿದ ಮೇಲೆ ಚೆಂಡು ಏರಿ ನೀರು ನಿಲ್ಲಬೇಕು. ಸಂಪು ಅರ್ಧ ಇದ್ದರೆ ಕಾಯಬೇಕಾಗಿಲ್ಲ, ಕೋಲಿನಿಂದ ಚೆಂಡನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ನೀರು ನಿಂತರೆ ವಾಲ್ವ್ ಸರಿಯಿದೆ. ಸಂಪಿನೊಳಗೆ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತದ್ದಿದೆ.

ಸೀಮೆಸುಣ್ಣ ಈಗ ತೆಗೆಯಿರಿ. ನೀರು ಬಾರದ ದಿನ, ವಾಲ್ವ್ ಮುಚ್ಚಿ, ಸಂಪಿನ ಒಳಗೋಡೆಯಲ್ಲಿ ನೀರಿಗಿಂತ ಸ್ವಲ್ಪ ಮೇಲೆ ಒಣಗಿದ ಜಾಗದಲ್ಲಿ ಗೆರೆ ಎಳೆದು, ಗೆರೆಯಿಂದ ನೀರಿಗೆ ಎಷ್ಟು ಬೆರಳು ಅಂತ ಬರೆದುಕೊಳ್ಳಿ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಮೋಟರ್ ಆಫ್ ಇದ್ದೂ ನೀರು ಇಳಿದಿದ್ದರೆ ಸಂಪಿಗೇ ಬಿರುಕು.

ಮೋಟರಿನ ಆಟೋಮ್ಯಾಟಿಕ್ ಕಂಟ್ರೋಲರ್ ಆಫ್ ಮಾಡಿ. ಬಾತ್‌ರೂಮಿನ ಫ್ಲಷ್ ಟ್ಯಾಂಕ್ ಸಣ್ಣಗೆ ಸೋರುತ್ತಿರುತ್ತದೆ. ಮೇಲಿನ ಟ್ಯಾಂಕ್ ಖಾಲಿ ಆಗುತ್ತದೆ. ಕಂಟ್ರೋಲರ್ ಮೋಟರ್ ಓಡಿಸಿ ಮತ್ತೆ ತುಂಬಿಸುತ್ತದೆ. ಸಂಪು ಇಳಿದ ಹಾಗೆ ಕಾವೇರಿ ನೀರು ಮತ್ತೆ ಬರುತ್ತದೆ. ಯಾರಿಗೂ ಗೊತ್ತೇ ಆಗದ ಚಕ್ರ ಇದು. ನೀರಿನ ಬಿಲ್ಲಿನ ಜೊತೆ ಕರೆಂಟ್ ಬಿಲ್ಲೂ ಏರಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಇನ್ನೊಂದು ಮಾತು. ನೀರು ನಿಲ್ಲಿಸಿದ್ದೇವೆ ಅಂತ ಸಂಪು, ಟ್ಯಾಂಕಿನ ಮುಚ್ಚಳ ತೆರೆದಿಡಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ. ತಿಂಗಳಿಗೊಂದು ಸಲ ಹೋದಾಗ ಬಾತ್‌ರೂಮಿನ ಜಾಲರಿಗೆ, ಕಮೋಡಿಗೆ ಒಂದೊಂದು ಮಗ್ ನೀರು ಹಾಕಿ. ಇಲ್ಲದಿದ್ದರೆ ಟ್ರ್ಯಾಪ್, ಅಂದರೆ ಪೈಪಿನ ಬಾಗಿನಲ್ಲಿ ನಿಂತು ವಾಸನೆ ತಡೆಯುವ ನೀರು, ಒಣಗಿ ಮನೆಯೆಲ್ಲ ಚರಂಡಿ ವಾಸನೆ. ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ.

## ಹಂತ 3: ಬಿಲ್ ಓದುವುದು

ನೀರು ಬಳಸದಿದ್ದರೆ ಬಿಲ್ ಸೊನ್ನೆ ಬರಬೇಕು ಅನ್ನುವುದು ತಪ್ಪು ಲೆಕ್ಕ. ಸಂಪರ್ಕ ಇದ್ದ ಮೇಲೆ ಕನಿಷ್ಠ ಶುಲ್ಕ ಇದ್ದೇ ಇದೆ. ಒಳಚರಂಡಿ ಶುಲ್ಕವೂ ಅದರ ಜೊತೆ ಬರುತ್ತದೆ. ಮನೆಯಲ್ಲಿ ಬೋರ್‌ವೆಲ್ ಇದ್ದರೆ ಅದಕ್ಕೂ ತಿಂಗಳ ಸ್ಯಾನಿಟರಿ ಶುಲ್ಕ ಬೇರೆ. ಗೃಹಜ್ಯೋತಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ಕರೆಂಟಿಗೆ ಮಾತ್ರ, ನೀರಿಗಲ್ಲ.

ಬಿಲ್ಲಿನಲ್ಲಿ ಮೊದಲು ನೋಡಬೇಕಾದ್ದು ಮೊತ್ತ ಅಲ್ಲ, ಹಿಂದಿನ ಮತ್ತು ಈಗಿನ ರೀಡಿಂಗ್. ಎರಡೂ ಒಂದೇ ಇದ್ದು ಮೊತ್ತ ಸಣ್ಣದಿದ್ದರೆ ಸರಿ. ಎರಡೂ ಒಂದೇ ಇದ್ದು ಮೊತ್ತ ದೊಡ್ಡದಿದ್ದರೆ, ಮೀಟರ್ ಓದದೆ ಹಳೇ ಬಳಕೆಯ ಲೆಕ್ಕದಲ್ಲಿ ಹಾಕಿದ ಸರಾಸರಿ ಬಿಲ್ ಆಗಿರಬಹುದು, ಅಥವಾ ಬಾಕಿ ಸೇರಿರಬಹುದು. ಮಳೆ ನೀರು ಕೊಯ್ಲು ಅಳವಡಿಸದ ದೊಡ್ಡ ನಿವೇಶನಗಳಿಗೆ ದಂಡವೂ ಬಿಲ್ಲಿನಲ್ಲೇ ಬರುತ್ತದೆ, ಆ ಸಾಲನ್ನೂ ನೋಡಿ.

ದರ ಸ್ಲ್ಯಾಬ್ ಲೆಕ್ಕದಲ್ಲಿ ಏರುತ್ತದೆ. ಮನೆ ಬಳಕೆಗೆ 8 ಸಾವಿರ, 25 ಸಾವಿರ, 50 ಸಾವಿರ ಲೀಟರಿನಲ್ಲಿ ಮೆಟ್ಟಿಲುಗಳಿವೆ. 2014ರ ದರದಲ್ಲೇ ಮೊದಲ ಮೆಟ್ಟಿಲಲ್ಲಿ ಸಾವಿರ ಲೀಟರಿಗೆ 7 ರೂಪಾಯಿ ಇದ್ದರೆ, 50 ಸಾವಿರ ದಾಟಿದ ನೀರಿಗೆ 45 ರೂಪಾಯಿ ಇತ್ತು. 2025ರ ಏಪ್ರಿಲ್‌ನಲ್ಲಿ ಎಲ್ಲ ಮೆಟ್ಟಿಲೂ ಏರಿದವು. ಸೋರಿಕೆ ಇದ್ದಾಗ ನೀರು ಎರಡರಷ್ಟಾದರೆ ದುಡ್ಡು ಮೂರು ನಾಲ್ಕರಷ್ಟಾಗುವುದು ಇದೇ ಕಾರಣಕ್ಕೆ.

## ಹಂತ 4: ಕಟ್ಟುವುದು

ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಗುರುತಿನ ನಂಬರ್, ಸರಿ ಇದ್ದರೆ ಇದು ಸುಲಭ. ಜಲಮಂಡಳಿಯ ವೆಬ್‌ಸೈಟ್, ಫೋನ್‌ಪೇ, ಗೂಗಲ್ ಪೇ ಥರದ ಆ್ಯಪ್, ಬೆಂಗಳೂರು ಒನ್ ಕೇಂದ್ರ, ಎಲ್ಲಿ ಬೇಕಾದರೂ ಕಟ್ಟಬಹುದು.

ಗೊಂದಲ ಎಲ್ಲಿ ಅಂದರೆ, ಬೆಸ್ಕಾಂ ಕರೆಂಟ್ ಬಿಲ್ಲಿನಲ್ಲೂ ಆರ್‌ಆರ್ ನಂಬರ್ ಇರುತ್ತದೆ. ಎರಡೂ ಬಿಲ್ ಒಂದೇ ಫೈಲಿನಲ್ಲಿ ಇಟ್ಟವರು ಒಂದರ ನಂಬರ್ ಇನ್ನೊಂದಕ್ಕೆ ಹಾಕುತ್ತಾರೆ. ನಂಬರ್ ಹಾಕಿದ ಮೇಲೆ ಪರದೆ ಮೇಲೆ ಹೆಸರು ಬರುತ್ತದೆ. ಆ ಹೆಸರು ಬಿಲ್ಲಿನಲ್ಲಿರುವ ಹೆಸರೇನಾ ಅಂತ ನೋಡದೆ ಪಿನ್ ಒತ್ತಬೇಡಿ. ಬಿಲ್ ಇನ್ನೂ ತೀರಿಹೋದ ತಂದೆಯ ಹೆಸರಲ್ಲೋ, ಮನೆ ಮಾರಿದವರ ಹೆಸರಲ್ಲೋ ಇರಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಕೇಳೇ ಇಲ್ಲದ ಹೆಸರು ಬಂದರೆ ನಿಲ್ಲಿಸಿ.

ದುಡ್ಡು ಹೋಯಿತು, ರಸೀದಿ ಬರಲಿಲ್ಲ ಅಂತಾದರೆ ತಕ್ಷಣ ಇನ್ನೊಂದು ಸಲ ಕಟ್ಟಬೇಡಿ. ಆ್ಯಪಿನ ವ್ಯವಹಾರ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಎರಡು ಮೂರು ದಿನ ಕಾಯಿರಿ. ಎಷ್ಟೋ ಸಲ ವಾಪಸ್ ಬರುತ್ತದೆ, ಇಲ್ಲವೇ ಜಮಾ ಆಗಿರುತ್ತದೆ.

ಆಟೋಪೇ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಜನ ಇರುವ ಮನೆಗೆ ಅನುಕೂಲ, ಖಾಲಿ ಮನೆಗೆ ಅಪಾಯ. ಬಿಲ್ ಏರಿದ್ದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಇಡಲೇಬೇಕಾದರೆ ಮಿತಿಯನ್ನು ಕನಿಷ್ಠ ಬಿಲ್ಲಿಗಿಂತ ಸ್ವಲ್ಪವೇ ಮೇಲೆ ಇಡಿ. ಬಿಲ್ ಅದನ್ನು ದಾಟಿ ಪಾವತಿ ಫೇಲ್ ಆದರೆ ಅದೇ ನಿಮ್ಮ ಅಲಾರಂ.

ಹೊರದೇಶದಲ್ಲಿದ್ದವರಿಗೆ: 2023ರಿಂದ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿ ಕೆಲವು ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಒ, ಎನ್‌ಆರ್‌ಇ ಖಾತೆ ಜೋಡಿಸಿ ಯುಪಿಐ ಬಳಸಲು ಅವಕಾಶ ಇದೆ. ದುಡ್ಡು ಕಟ್ಟುವುದು ಅಲ್ಲಿಂದಲೇ ಆಗುತ್ತದೆ. ಮೀಟರ್ ಗುಂಡಿಯ ಮುಚ್ಚಳ ಎತ್ತಲು ಇಲ್ಲಿ ಒಬ್ಬರು ಬೇಕೇ ಬೇಕು. ತಮ್ಮನೋ, ಸೋದರಮಾವನೋ, ಎದುರುಮನೆಯವರೋ.

"ಇವತ್ತು ರಾತ್ರಿ ನಿಮ್ಮ ನೀರಿನ ಸಂಪರ್ಕ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ" ಅಂತ ಮೆಸೇಜ್ ಬಂದರೆ ಅದು ಮೋಸ. ಜೊತೆಗೆ ಕಳಿಸುವ ಎಪಿಕೆ ಫೈಲ್ (ಮೆಸೇಜಿನಲ್ಲೇ ಬರುವ ಆ್ಯಪ್) ಇನ್‌ಸ್ಟಾಲ್ ಮಾಡಿದರೆ ಖಾತೆ ಖಾಲಿ. ಅನುಮಾನ ಇದ್ದರೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ನೀವೇ ಫೋನ್ ಮಾಡಿ.

## ಹಂತ 5: ಬೀಗ ಹಾಕಿದ ಮನೆಯ ಸರಾಸರಿ ಬಿಲ್ ತಪ್ಪಿಸುವುದು

ಮೀಟರ್ ಗೇಟಿನ ಒಳಗಿದ್ದು ಗೇಟಿಗೆ ಬೀಗ ಇದ್ದರೆ ಮೀಟರ್ ರೀಡರ್ ಏನು ಮಾಡಬೇಕು? ಡೋರ್ ಲಾಕ್ ಅಂತ ಬರೆದು ಹಳೇ ಬಳಕೆಯ ಸರಾಸರಿಗೆ ಬಿಲ್ ಆಗುತ್ತದೆ. ಐದು ಜನ ಇದ್ದಾಗಿನ ಸರಾಸರಿ, ಯಾರೂ ಇಲ್ಲದ ಮನೆಗೆ. ಆ ಮೊತ್ತ ಆಮೇಲೆ ಸರಿಹೋಗಬಹುದು, ಆದರೆ ಅದಕ್ಕೆ ನೀವು ಓಡಾಡಬೇಕು.

ಗೇಟಿನ ಬೀಗದ ಇನ್ನೊಂದು ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿಡಿ. ಗೇಟಿಗೆ ಒಂದು ಚೀಟಿ ಅಂಟಿಸಿ: ನೀರಿನ ಮೀಟರ್ ಓದಲು ಪಕ್ಕದ ಮನೆಯಲ್ಲಿ ಕೇಳಿ. ಚೀಟಿಯಲ್ಲಿ ಮನೆ ಖಾಲಿ ಇದೆ ಅಂತ ಮಾತ್ರ ಬರೆಯಬೇಡಿ, ಅದನ್ನು ಓದುವವರು ಮೀಟರ್ ರೀಡರ್ ಒಬ್ಬರೇ ಅಲ್ಲ. ಮೀಟರ್ ಕಾಂಪೌಂಡಿನ ಹೊರಗೆ ಇದ್ದರೆ ಈ ತಲೆನೋವೇ ಇಲ್ಲ, ಅದರ ಮೇಲೆ ಯಾರೋ ಕಾರು ನಿಲ್ಲಿಸದಂತೆ ನೋಡಿಕೊಂಡರೆ ಸಾಕು.

ಬಿಲ್ಲಿನ ಮೆಸೇಜ್ ಯಾವ ಮೊಬೈಲಿಗೆ ಹೋಗುತ್ತಿದೆ ಅಂತಲೂ ನೋಡಿ. ಎಷ್ಟೋ ಮನೆಗಳಲ್ಲಿ ಎರಡು ವರ್ಷದ ಹಿಂದೆ ಬಿಟ್ಟು ಹೋದ ಬಾಡಿಗೆದಾರರ ನಂಬರ್ ಇರುತ್ತದೆ. ನಿಮ್ಮ ನಂಬರ್ ಹಾಕಿಸಿ.

## ಹಂತ 6: ಬಿಲ್ ತಪ್ಪಾಗಿದ್ದರೆ

ಮೊದಲು ಹಂತ 2 ಮುಗಿಸಿ. ಸೋರಿಕೆ ನಿಮ್ಮದೇ ಆಗಿದ್ದರೆ ಕಚೇರಿಯಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ, ಆ ನೀರು ಮೀಟರ್ ದಾಟಿ ಬಂದದ್ದು. ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ನಿಮ್ಮ ಏರಿಯಾದ ಉಪವಿಭಾಗ ಕಚೇರಿಗೆ ಹೋಗಿ. ತಾರೀಕು ಇರುವ ಮೀಟರ್ ಫೋಟೋ, ಕೊನೆಯ ಬಿಲ್ಲುಗಳು, ಮನೆ ಯಾವತ್ತಿನಿಂದ ಖಾಲಿ ಅಂತ ಹೇಳುವ ಒಂದು ಅರ್ಜಿ, ಇಷ್ಟು ಕೈಯಲ್ಲಿರಲಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಮೂರು ತಿಂಗಳ ನೀರು ಒಂದೇ ಬಿಲ್ಲಿನಲ್ಲಿ ಬಿದ್ದಿದ್ದರೆ ಸ್ಲ್ಯಾಬನ್ನು ತಿಂಗಳಿಗೆ ಹಂಚಿ ಲೆಕ್ಕ ಹಾಕಿದ್ದಾರಾ ಅಂತ ಕೇಳಿ. ವಾಲ್ವ್ ಮುಚ್ಚಿದ್ದೂ ಅಂಕಿ ಏರುತ್ತಿದ್ದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ವಾಲ್ವ್ ತೆರೆದಿರುವ ಮನೆಗಳಲ್ಲಿ ನೀರು ಬರುವ ಮುಂಚೆ ಪೈಪಿನ ಗಾಳಿ ನುಗ್ಗಿ ಮೀಟರ್ ತಿರುಗಿಸುವುದೂ ಉಂಟು. ಕಚೇರಿಯಲ್ಲಿ ಬಗೆಹರಿಯದಿದ್ದರೆ ಜಲಮಂಡಳಿ ನಡೆಸುವ ನೀರಿನ ಅದಾಲತ್‌ಗೆ ಹೋಗಬಹುದು. ದಿನ, ಜಾಗ 1916ರಲ್ಲಿ ಕೇಳಿ. ಈ ನಡುವೆ ಬಿಲ್ ಕಟ್ಟದೆ ಬಿಟ್ಟರೆ ಬಾಕಿ, ಬಡ್ಡಿ ಎರಡೂ ಬೆಳೆಯುತ್ತವೆ.

ಆರು ತಿಂಗಳು, ವರ್ಷ ಖಾಲಿ ಇಡುವ ಯೋಚನೆ ಇದ್ದರೆ ಸಂಪರ್ಕ ತಾತ್ಕಾಲಿಕವಾಗಿ ನಿಲ್ಲಿಸುವ ಬಗ್ಗೆ ಅಲ್ಲೇ ಕೇಳಬಹುದು. ನನ್ನನ್ನು ಕೇಳಿದರೆ, ಒಂದೆರಡು ವರ್ಷದೊಳಗೆ ಮತ್ತೆ ಬಾಡಿಗೆಗೆ ಕೊಡುವ ಮನೆಗೆ ಇದು ಬೇಡ. ಮತ್ತೆ ಜೋಡಿಸಲು ಅರ್ಜಿ, ಓಡಾಟ, ಖರ್ಚು. ಅದಕ್ಕಿಂತ ಕನಿಷ್ಠ ಶುಲ್ಕ ಕಟ್ಟಿಕೊಂಡು ವಾಲ್ವ್ ಮುಚ್ಚಿಡುವುದು ವಾಸಿ. ಮನೆ ಒಡೆದು ಕಟ್ಟುವ ಹಾಗಿದ್ದರೆ ಮಾತ್ರ ಬೇರೆ.

## ಹಂತ 7: ಹೊಸಬರು ಬರುವ ಹಿಂದಿನ ದಿನ

ವಾಲ್ವ್ ತೆರೆಯಿರಿ. ಮೊದಲು ಬರುವ ನೀರಲ್ಲಿ ತುಕ್ಕು, ಮಣ್ಣು ಇರುತ್ತದೆ. ಹಳೇ ನೀರಿನ ಜೊತೆ ಅದನ್ನೂ ಹೊರಗೆ ಹಾಕಿ, ಸಂಪು, ಟ್ಯಾಂಕ್ ತೊಳೆಸಿ ಆಮೇಲೆ ತುಂಬಿಸಿ. ಒಣಗಿದ ವಾಷರುಗಳು ನೀರು ಬಿಟ್ಟ ತಕ್ಷಣ ಸೋರಲು ಶುರುಮಾಡುತ್ತವೆ. ಒಂದು ರಾತ್ರಿ ಬಿಟ್ಟು ಎಲ್ಲ ನಲ್ಲಿಯ ಕೆಳಗೂ ಕೈ ಆಡಿಸಿ ನೋಡಿ, ಫ್ಲಷ್ ಟ್ಯಾಂಕಿಗೆ ಕಿವಿ ಕೊಟ್ಟು ಕೇಳಿ.

ಈ ತೊಳೆಯುವ ನೀರೂ ಮೀಟರ್ ದಾಟಿಯೇ ಬರುವುದು. ಅದು ಓನರ್ ಖರ್ಚು. ಹಾಗಾಗಿ ಹೊಸ ಬಾಡಿಗೆದಾರರ ಲೆಕ್ಕ ಶುರುವಾಗುವ ರೀಡಿಂಗನ್ನು ತೊಳೆಯುವ ಮುಂಚೆ ಅಲ್ಲ, ಎಲ್ಲ ಮುಗಿದ ಮೇಲೆ ತೆಗೆಯಿರಿ. ಬೀಗದ ಕೈ ಕೊಡುವಾಗ ಅವರನ್ನೇ ಮೀಟರ್ ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, ಅಂಕಿ ಅವರಿಂದಲೇ ಓದಿಸಿ, ಫೋಟೋ ಅವರ ಮೊಬೈಲಿನಲ್ಲೇ ತೆಗೆಸಿ ನಿಮಗೆ ಕಳಿಸಲು ಹೇಳಿ. ಕರಾರು ಪತ್ರದಲ್ಲೂ ಆ ಅಂಕಿ ಬರೆಸಿ.